ಅಂಚೆಯಲ್ಲಿ ಬರುವ ಗರ್ಭಪಾತದ ಮಾತ್ರೆ, ಅಮೆರಿಕದ ರಾಜ್ಯಗಳ ನಿಷೇಧ: ಪದೇ ಪದೇ ಕೇಳುವ ಪ್ರಶ್ನೆಗಳು

ಟೆಕ್ಸಾಸ್‌ನಲ್ಲಿ ಗರ್ಭಪಾತಕ್ಕೆ ನಿಷೇಧ ಇದೆ. ಆದರೂ ನ್ಯೂಯಾರ್ಕ್‌ನಲ್ಲಿ ಕೂತ ಡಾಕ್ಟರ್ ಬರೆದುಕೊಟ್ಟ ಮಾತ್ರೆ ಟೆಕ್ಸಾಸ್‌ನ ಮನೆ ಬಾಗಿಲಿಗೆ ಬರುತ್ತದೆ. ಇದನ್ನು ತಡೆಯಲು ರಾಜ್ಯಗಳು ಏನೇನು ಮಾಡುತ್ತಿವೆ, ಎಲ್ಲಿ ಸೋಲುತ್ತಿವೆ, ಯಾರನ್ನು ಹಿಡಿಯುತ್ತಿವೆ ಅನ್ನುವುದರ ಬಗ್ಗೆ ಜನ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇದೆ. 2026ರ ಆರಂಭದವರೆಗಿನ ಸಂಗತಿಗಳನ್ನು ಇಟ್ಟುಕೊಂಡು ಬರೆದದ್ದು. ಇದು ವಕೀಲರ ಸಲಹೆ ಅಲ್ಲ, ಡಾಕ್ಟರ ಸಲಹೆಯೂ ಅಲ್ಲ.

ಅಮೆರಿಕದಲ್ಲಿ ಗರ್ಭಪಾತ ಈಗ ಅಪರಾಧವೇ?

ಯಾವ ರಾಜ್ಯದಲ್ಲಿ ಇದ್ದೀರಿ ಅನ್ನುವುದರ ಮೇಲೆ ಹೋಗುತ್ತದೆ. 1973ರ ರೋ ವರ್ಸಸ್ ವೇಡ್ ತೀರ್ಪು ಇಡೀ ದೇಶಕ್ಕೆ ಒಂದು ಹಕ್ಕನ್ನು ಕೊಟ್ಟಿತ್ತು. 2022ರ ಜೂನ್ 24ರಂದು ಡಾಬ್ಸ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಇನ್ನು ಮುಂದೆ ಆಯಾ ರಾಜ್ಯವೇ ತೀರ್ಮಾನಿಸಲಿ ಅಂದಿತು. ಈಗ ಸುಮಾರು ಒಂದು ಡಜನ್ ರಾಜ್ಯಗಳಲ್ಲಿ ಹೆಚ್ಚುಕಡಿಮೆ ಪೂರ್ತಿ ನಿಷೇಧ. ಟೆಕ್ಸಾಸ್, ಲೂಯಿಸಿಯಾನಾ, ಮಿಸಿಸಿಪಿ, ಅಲಬಾಮಾ ಈ ಗುಂಪಿನಲ್ಲಿವೆ. ಫ್ಲಾರಿಡಾ, ಜಾರ್ಜಿಯಾ ತರಹದ ಕೆಲವು ಕಡೆ ಸುಮಾರು ಆರು ವಾರದವರೆಗೆ ಮಾತ್ರ ಅವಕಾಶ. ಆರು ವಾರಕ್ಕೆ ಎಷ್ಟೋ ಹೆಂಗಸರಿಗೆ ತಾವು ಬಸುರಿ ಅಂತಲೇ ಗೊತ್ತಾಗಿರುವುದಿಲ್ಲ. ನ್ಯೂಯಾರ್ಕ್, ಕ್ಯಾಲಿಫೋರ್ನಿಯಾ, ಮ್ಯಾಸಚೂಸೆಟ್ಸ್‌ನಲ್ಲಿ ಇದು ಕಾನೂನುಬದ್ಧ.

ಯಾವ ಮಾತ್ರೆ ಇವು?

ಎರಡು ಔಷಧಿ. ಮೊದಲನೆಯದು ಮಿಫೆಪ್ರಿಸ್ಟೋನ್. ಗರ್ಭ ನಿಲ್ಲಲು ಬೇಕಾದ ಪ್ರೊಜೆಸ್ಟರಾನ್ ಹಾರ್ಮೋನಿನ ಕೆಲಸವನ್ನು ಇದು ತಡೆಯುತ್ತದೆ. ಒಂದೆರಡು ದಿನ ಬಿಟ್ಟು ತೆಗೆದುಕೊಳ್ಳುವ ಎರಡನೆಯದು ಮಿಸೊಪ್ರೊಸ್ಟಾಲ್. ಇದು ಗರ್ಭಕೋಶವನ್ನು ಹಿಂಡಿ ಖಾಲಿ ಮಾಡಿಸುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮಿಫೆಪ್ರಿಸ್ಟೋನ್‌ಗೆ ಒಪ್ಪಿಗೆ ಕೊಟ್ಟದ್ದು 2000ದ ಸೆಪ್ಟೆಂಬರ್‌ನಲ್ಲಿ. 2016ರಿಂದ ಹತ್ತು ವಾರದವರೆಗಿನ ಗರ್ಭಕ್ಕೆ ಒಪ್ಪಿಗೆ ಇದೆ.

ಮಿಸೊಪ್ರೊಸ್ಟಾಲ್ ಬಗ್ಗೆ ಒಂದು ಮಾತು. ಅದು ಗರ್ಭಪಾತಕ್ಕಾಗಿ ಹುಟ್ಟಿದ ಔಷಧಿ ಅಲ್ಲ, ಹೊಟ್ಟೆ ಹುಣ್ಣಿಗೆ ಬಂದದ್ದು. ಹೆರಿಗೆ ಆದಮೇಲೆ ರಕ್ತಸ್ರಾವ ನಿಲ್ಲದಿದ್ದಾಗ ಡಾಕ್ಟರುಗಳು ಇದನ್ನೇ ಬಳಸುತ್ತಾರೆ. ಲೂಯಿಸಿಯಾನಾದ ವಿಷಯ ಬಂದಾಗ ಇದು ನೆನಪಿರಲಿ.

ಎಷ್ಟು ಜನ ಮಾತ್ರೆಯ ದಾರಿ ಹಿಡಿಯುತ್ತಾರೆ?

ಗರ್ಭಪಾತದ ಅಂಕಿಅಂಶ ಕಲೆಹಾಕುವ ಗಟ್‌ಮಾಕರ್ ಸಂಸ್ಥೆಯ ಲೆಕ್ಕದಲ್ಲಿ 2023ರಲ್ಲಿ ಅಮೆರಿಕದ ಆರೋಗ್ಯ ವ್ಯವಸ್ಥೆಯೊಳಗೆ ಆದ ಗರ್ಭಪಾತಗಳಲ್ಲಿ 63 ಶೇಕಡಾ ಮಾತ್ರೆಯಿಂದಲೇ ಆದದ್ದು. ಅದೇ ವರ್ಷ ಒಟ್ಟು ಸಂಖ್ಯೆ ಹತ್ತು ಲಕ್ಷ ದಾಟಿತು. ಹತ್ತು ವರ್ಷಕ್ಕೂ ಹೆಚ್ಚು ಕಾಲದಲ್ಲಿ ಇಷ್ಟು ಆಗಿರಲಿಲ್ಲ. ನಿಷೇಧ ಬಂದಮೇಲೆ ದೇಶದ ಲೆಕ್ಕ ಇಳಿಯುವ ಬದಲು ಏರಿತು! 2024ರ ಕೊನೆಗೆ ನಾಲ್ಕರಲ್ಲಿ ಒಂದು ಗರ್ಭಪಾತ ಡಾಕ್ಟರನ್ನು ಎದುರಿಗೆ ನೋಡದೆ, ಆನ್‌ಲೈನ್‌ನಲ್ಲಿ ಕೇಳಿ, ಅಂಚೆಯಲ್ಲಿ ಮಾತ್ರೆ ತರಿಸಿಕೊಂಡು ಆದದ್ದು. ನಿಷೇಧ ತಂದ ರಾಜ್ಯಗಳಿಗೆ ಕ್ಲಿನಿಕ್ ಮುಚ್ಚಿಸುವುದು ಸುಲಭವಾಗಿತ್ತು. ತಲೆನೋವಾದದ್ದು ಈ ಕವರ್.

ಡಾಕ್ಟರ್ ಮುಖ ನೋಡದೆ ಮಾತ್ರೆ ಕಳಿಸಬಹುದು ಅಂತ ಹೇಳಿದ್ದು ಯಾರು?

ಎಫ್‌ಡಿಎ. ಮೊದಲು ಮಿಫೆಪ್ರಿಸ್ಟೋನ್ ಅನ್ನು ಕ್ಲಿನಿಕ್‌ನಲ್ಲೇ ಕೈಗೆ ಕೊಡಬೇಕಿತ್ತು. ಕೋವಿಡ್ ಬಂತು. 2021ರ ಏಪ್ರಿಲ್‌ನಲ್ಲಿ ಆ ನಿಯಮವನ್ನು ಸದ್ಯಕ್ಕೆ ಜಾರಿ ಮಾಡುವುದಿಲ್ಲ ಅಂದರು. ಅದೇ ವರ್ಷ ಡಿಸೆಂಬರ್‌ನಲ್ಲಿ ತೆಗೆದೇ ಹಾಕಲು ತೀರ್ಮಾನ ಆಯಿತು. 2023ರ ಜನವರಿಯಲ್ಲಿ ಹೊಸ ನಿಯಮ ಬಂತು: ನೋಂದಾಯಿಸಿಕೊಂಡ ಫಾರ್ಮಸಿಗಳು ಚೀಟಿ ನೋಡಿ ಅಂಚೆಯಲ್ಲೂ ಕಳಿಸಬಹುದು.

ಫೆಡರಲ್ (ಕೇಂದ್ರ) ಸರ್ಕಾರ ಒಪ್ಪಿದ ಔಷಧಿಯನ್ನು ಒಂದು ರಾಜ್ಯ ಹೇಗೆ ನಿಷೇಧಿಸುತ್ತದೆ?

ಇದೇ ವಾದ ಇಟ್ಟುಕೊಂಡು ಜೆನ್‌ಬಯೋಪ್ರೊ ಅನ್ನುವ ಕಂಪನಿ ಕೋರ್ಟಿಗೆ ಹೋಯಿತು. ಮಿಫೆಪ್ರಿಸ್ಟೋನ್‌ನ ಅಗ್ಗದ ಜೆನೆರಿಕ್ ಮಾಡುವ ಕಂಪನಿ ಅದು. ಎದುರಾಳಿ ವೆಸ್ಟ್ ವರ್ಜೀನಿಯಾ ರಾಜ್ಯ. 2025ರ ಜುಲೈನಲ್ಲಿ ಫೆಡರಲ್ ಮೇಲ್ಮನವಿ ಕೋರ್ಟ್ ರಾಜ್ಯದ ಪರ ತೀರ್ಪು ಕೊಟ್ಟಿತು. ಔಷಧಿ ಸುರಕ್ಷಿತವೋ ಅಲ್ಲವೋ ಅಂತ ನೋಡುವುದು ಎಫ್‌ಡಿಎ ಕೆಲಸ, ಗರ್ಭಪಾತಕ್ಕೆ ಅವಕಾಶ ಕೊಡಬೇಕೋ ಬೇಡವೋ ಅನ್ನುವುದು ರಾಜ್ಯದ ಕೆಲಸ ಅನ್ನುವುದು ಅದರ ಸಾರಾಂಶ. ಅಂದರೆ ನಿಷೇಧ ಕಾಗದದ ಮೇಲೆ ಗಟ್ಟಿಯಾಗಿದೆ. ಜಾರಿ ಮಾಡುವುದು ಬೇರೆ ಮಾತು.

ಹಾಗಾದರೆ ಪೋಸ್ಟ್ ಆಫೀಸಿನಲ್ಲೇ ಪಾರ್ಸೆಲ್ ಹಿಡಿದುಬಿಡಬಹುದಲ್ಲ?

ಆಗುವುದಿಲ್ಲ. ಅಮೆರಿಕದ ಅಂಚೆ ಇಲಾಖೆ ಫೆಡರಲ್ ಸರ್ಕಾರದ್ದು. ರಾಜ್ಯದ ಪೊಲೀಸರಿಗೆ ಅದರ ಮೇಲೆ ಅಧಿಕಾರ ಇಲ್ಲ. ಮುಚ್ಚಿದ ಪತ್ರವನ್ನು ವಾರಂಟ್ ಇಲ್ಲದೆ ತೆರೆಯುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 1878ರಲ್ಲೇ ಹೇಳಿದೆ. ಮನೆಯೊಳಗಿನ ಕಾಗದಪತ್ರಕ್ಕೆ ಇರುವ ರಕ್ಷಣೆಯೇ ಅಂಚೆಯಲ್ಲಿ ಹೋಗುವ ಪತ್ರಕ್ಕೂ ಇದೆ ಅಂದಿತ್ತು.

ಇನ್ನೊಂದು ವಿಷಯ. ನಾಲ್ಕೈದು ಮಾತ್ರೆ ಇರುವ ಕವರ್ ನೋಡಲು ಬೇರೆ ಯಾವುದೇ ಕವರ್ ಇದ್ದ ಹಾಗೆಯೇ ಇರುತ್ತದೆ. ಎಲ್ಲ ಅಂಚೆಯನ್ನೂ ಬಿಚ್ಚಿ ನೋಡುವ ಯಂತ್ರಾಂಗ ಯಾವ ರಾಜ್ಯಕ್ಕೂ ಇಲ್ಲ. ನಿಷೇಧದ ಪರ ಇರುವ ವಕೀಲರಿಗೂ ಇದು ಚೆನ್ನಾಗಿ ಗೊತ್ತು. ಅದಕ್ಕೇ ಅವರು ಕವರ್ ಬಿಟ್ಟು ಅದರ ಎರಡು ತುದಿಯ ಮೇಲೆ ಕಣ್ಣಿಟ್ಟಿದ್ದಾರೆ: ಕಳಿಸಿದವರು, ಮತ್ತೆ ಆ ಹೆಂಗಸಿನ ಸುತ್ತಮುತ್ತ ಇರುವವರು.

ಶೀಲ್ಡ್ ಕಾನೂನು ಅಂದರೇನು?

ಕಳಿಸಿದ ಡಾಕ್ಟರನ್ನು ಅವರ ರಾಜ್ಯವೇ ಕಾಯುವ ಕಾನೂನು. ಮ್ಯಾಸಚೂಸೆಟ್ಸ್ 2022ರ ಜುಲೈನಲ್ಲಿ ಶುರು ಮಾಡಿತು. ನ್ಯೂಯಾರ್ಕ್ 2023ರ ಜೂನ್‌ನಲ್ಲಿ ಸೇರಿಕೊಂಡಿತು. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್, ಕೊಲರಾಡೊ, ವರ್ಮಾಂಟ್, ಮೇಯ್ನ್, ರೋಡ್ ಐಲೆಂಡ್ ಕೂಡ ಇವೆ. ಒಟ್ಟು ಎಂಟು. ಈ ಎಂಟರ ವಿಶೇಷ ಏನೆಂದರೆ, ರೋಗಿ ಯಾವ ರಾಜ್ಯದಲ್ಲಿದ್ದರೂ ಸರಿ, ಡಾಕ್ಟರ್ ನಮ್ಮ ನೆಲದಲ್ಲಿ ಕೂತು ಚೀಟಿ ಬರೆದಿದ್ದರೆ ನಮ್ಮ ಕಾನೂನಿನ ಪ್ರಕಾರ ಅದು ಸರಿ ಅಂತ ಒಪ್ಪಿಕೊಳ್ಳುತ್ತವೆ.

ಈ ಕಾನೂನಿನ ಕೆಲಸ ಮುಖ್ಯವಾಗಿ ಸಹಕಾರ ಕೊಡದಿರುವುದು. ಬೇರೆ ರಾಜ್ಯದ ಸಮನ್ಸ್ ಬಂದರೆ ಕೋರ್ಟ್ ಗುಮಾಸ್ತರು ತಲುಪಿಸುವುದಿಲ್ಲ. ಪೊಲೀಸರು ತನಿಖೆಗೆ ಕೈ ಜೋಡಿಸುವುದಿಲ್ಲ. ಡಾಕ್ಟರ ಲೈಸೆನ್ಸ್‌ಗೆ ತೊಂದರೆ ಆಗುವುದಿಲ್ಲ. ಕೆಲವು ಕಡೆ, ಬೇರೆ ರಾಜ್ಯದಲ್ಲಿ ಕೇಸು ಹಾಕಿ ಡಾಕ್ಟರಿಂದ ಹಣ ವಸೂಲಿ ಮಾಡಿದವರ ಮೇಲೆ ಡಾಕ್ಟರೇ ತಿರುಗಿ ಕೇಸು ಹಾಕಿ ಆ ಹಣ ವಾಪಸ್ ಪಡೆಯಬಹುದು. 2025ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ಇನ್ನೊಂದು ಹೆಜ್ಜೆ ಇಟ್ಟಿತು: ಔಷಧಿಯ ಲೇಬಲ್ ಮೇಲೆ ಡಾಕ್ಟರ ಹೆಸರಿನ ಬದಲು ಕ್ಲಿನಿಕ್ ಹೆಸರು ಹಾಕಿದರೂ ಸಾಕು. ಯಾಕೆ ಅಂತ ಮುಂದಿನ ಉತ್ತರ ಓದಿದರೆ ಗೊತ್ತಾಗುತ್ತದೆ.

ಎಲ್ಲರೂ ಮಾತಾಡುವ ಆ ನ್ಯೂಯಾರ್ಕ್ ಡಾಕ್ಟರ ಕೇಸು ಏನು?

ಡಾಕ್ಟರ್ ಮಾರ್ಗರೇಟ್ ಕಾರ್ಪೆಂಟರ್ ಅವರ ಮೇಲೆ ಎರಡು ರಾಜ್ಯಗಳು ಬಿದ್ದಿವೆ. ಒಂದು ಸಿವಿಲ್, ಒಂದು ಕ್ರಿಮಿನಲ್. ಜನ ಇವೆರಡನ್ನೂ ಸೇರಿಸಿ ಗೊಂದಲ ಮಾಡಿಕೊಳ್ಳುತ್ತಾರೆ, ಬೇರೆ ಬೇರೆಯಾಗಿ ನೋಡೋಣ.

ಮೊದಲನೆಯದು ಟೆಕ್ಸಾಸ್. ಅಲ್ಲಿನ ಅಟಾರ್ನಿ ಜನರಲ್, ಅಂದರೆ ರಾಜ್ಯ ಸರ್ಕಾರದ ಮುಖ್ಯ ವಕೀಲ, ಕೆನ್ ಪ್ಯಾಕ್ಸ್‌ಟನ್ 2024ರ ಡಿಸೆಂಬರ್‌ನಲ್ಲಿ ದಾವೆ ಹೂಡಿದರು. ಡಲ್ಲಾಸ್‌ಗೆ ಅಂಟಿಕೊಂಡ ಕಾಲಿನ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಇಪ್ಪತ್ತು ವರ್ಷದ ಯುವತಿಗೆ ಈ ಡಾಕ್ಟರ್ ಮಾತ್ರೆ ಕಳಿಸಿದರು ಅನ್ನುವುದು ಆರೋಪ. ಡಾಕ್ಟರ್ ಟೆಕ್ಸಾಸ್ ಕೋರ್ಟಿಗೆ ಹೋಗಲೇ ಇಲ್ಲ. 2025ರ ಫೆಬ್ರುವರಿ 13ರಂದು ಜಡ್ಜ್ ಒಂದು ಲಕ್ಷ ಡಾಲರ್ ದಂಡ ಹಾಕಿದರು, ವಕೀಲರ ಖರ್ಚು ಬೇರೆ. ಟೆಕ್ಸಾಸ್‌ನವರಿಗೆ ಇನ್ನು ಮಾತ್ರೆ ಬರೆಯಬಾರದು ಅಂತ ಆದೇಶವೂ ಆಯಿತು.

ತೀರ್ಪು ಬಂತು, ಹಣ ವಸೂಲಿ ಆಗಬೇಕಲ್ಲ. ಅದಕ್ಕೆ ಡಾಕ್ಟರ್ ಇರುವ ನ್ಯೂಯಾರ್ಕ್‌ನ ಅಲ್‌ಸ್ಟರ್ ಕೌಂಟಿಯಲ್ಲಿ ಆ ತೀರ್ಪನ್ನು ದಾಖಲು ಮಾಡಿಸಬೇಕು. ಅಲ್ಲಿನ ಕೌಂಟಿ ಕ್ಲರ್ಕ್ ಟೇಲರ್ ಬ್ರಕ್ 2025ರ ಮಾರ್ಚ್‌ನಲ್ಲಿ ಕಾಗದ ತೆಗೆದುಕೊಳ್ಳುವುದಿಲ್ಲ ಅಂದರು. ಜುಲೈನಲ್ಲಿ ಟೆಕ್ಸಾಸ್ ಮತ್ತೆ ಕಳಿಸಿತು, ಮತ್ತೆ ವಾಪಸ್. ಆಗ ಪ್ಯಾಕ್ಸ್‌ಟನ್ ಕ್ಲರ್ಕ್ ಮೇಲೆಯೇ ನ್ಯೂಯಾರ್ಕ್ ಕೋರ್ಟಿಗೆ ಹೋದರು. ನ್ಯೂಯಾರ್ಕ್ ಅಟಾರ್ನಿ ಜನರಲ್ ಲೆಟಿಷಿಯಾ ಜೇಮ್ಸ್ ಕ್ಲರ್ಕ್ ಪರ ನಿಂತರು. ಎರಡು ದೊಡ್ಡ ರಾಜ್ಯಗಳು ಒಂದು ಕೌಂಟಿ ಆಫೀಸಿನ ಕೌಂಟರ್ ಮುಂದೆ ಗುದ್ದಾಡಿದ್ದು ಅಮೆರಿಕದ ಇತಿಹಾಸದಲ್ಲಿ ದಿನಾ ನೋಡುವ ಸಂಗತಿ ಅಲ್ಲ.

ಎರಡನೆಯದು ಲೂಯಿಸಿಯಾನಾ. 2025ರ ಜನವರಿ ಕೊನೆಯಲ್ಲಿ ವೆಸ್ಟ್ ಬ್ಯಾಟನ್ ರೂಜ್‌ನ ಗ್ರ್ಯಾಂಡ್ ಜ್ಯೂರಿ, ಅಂದರೆ ಕೇಸು ನಡೆಸಬೇಕೋ ಬೇಡವೋ ಅಂತ ತೀರ್ಮಾನಿಸುವ ನಾಗರಿಕರ ತಂಡ, ಇದೇ ಡಾಕ್ಟರ ಮೇಲೆ ಕ್ರಿಮಿನಲ್ ಆರೋಪ ಹೊರಿಸಿತು. ಡಾಬ್ಸ್ ತೀರ್ಪಿನ ನಂತರ ಬೇರೆ ರಾಜ್ಯದ ಡಾಕ್ಟರ ಮೇಲೆ ಬಂದ ಇಂಥ ಮೊದಲ ಕ್ರಿಮಿನಲ್ ಕೇಸು ಇದು. ಗವರ್ನರ್ ಜೆಫ್ ಲ್ಯಾಂಡ್ರಿ ಆರೋಪಿಯನ್ನು ಒಪ್ಪಿಸಿ ಅಂತ ಪತ್ರಕ್ಕೆ ಸಹಿ ಹಾಕಿದರು. ನ್ಯೂಯಾರ್ಕ್ ಗವರ್ನರ್ ಕ್ಯಾಥಿ ಹೋಕಲ್ ಈಗಲೂ ಇಲ್ಲ, ಎಂದಿಗೂ ಇಲ್ಲ ಅಂದರು. 2026ರ ಜನವರಿಯಲ್ಲಿ ಲೂಯಿಸಿಯಾನಾ ಕ್ಯಾಲಿಫೋರ್ನಿಯಾದ ಇನ್ನೊಬ್ಬ ಡಾಕ್ಟರನ್ನು ಒಪ್ಪಿಸಿ ಅಂತ ಕೇಳಿತು. ಅಲ್ಲಿನ ಗವರ್ನರ್ ಗ್ಯಾವಿನ್ ನ್ಯೂಸಮ್ ಕೂಡ ಕೊಡುವುದಿಲ್ಲ ಅಂದರು.

ಒಂದು ರಾಜ್ಯದ ಕೋರ್ಟ್ ತೀರ್ಪನ್ನು ಇನ್ನೊಂದು ರಾಜ್ಯ ಒಪ್ಪಲೇಬೇಕಲ್ವಾ?

ಸಾಮಾನ್ಯವಾಗಿ ಹೌದು. ಅಮೆರಿಕದ ಸಂವಿಧಾನದ ನಾಲ್ಕನೇ ವಿಧಿ ಹಾಗೇ ಹೇಳುತ್ತದೆ. ಟೆಕ್ಸಾಸ್‌ನಲ್ಲಿ ಸಾಲದ ತೀರ್ಪು ಬಂದರೆ ನ್ಯೂಯಾರ್ಕ್‌ನಲ್ಲೂ ವಸೂಲಿ ಮಾಡಬಹುದು. ಆದರೆ ಒಂದು ಹಳೆಯ ವಿನಾಯಿತಿ ಇದೆ. ಶಿಕ್ಷೆಯ ರೂಪದ ತೀರ್ಪನ್ನು, ಅಂದರೆ ರಾಜ್ಯ ತನ್ನ ಕಾನೂನು ಮುರಿದವರಿಗೆ ಹಾಕಿದ ದಂಡವನ್ನು, ಬೇರೆ ರಾಜ್ಯ ವಸೂಲಿ ಮಾಡಿಕೊಡಬೇಕಿಲ್ಲ. ಇದು 1892ರ ಹಂಟಿಂಗ್ಟನ್ ವರ್ಸಸ್ ಆಟ್ರಿಲ್ ಕೇಸಿನಿಂದ ಬಂದ ಮಾತು.

ಟೆಕ್ಸಾಸ್ ಹಾಕಿದ ಒಂದು ಲಕ್ಷ ಡಾಲರ್ ಶಿಕ್ಷೆಯೋ ಪರಿಹಾರವೋ? ಹಣ ಹೋಗುವುದು ಸರ್ಕಾರಕ್ಕೆ, ನಷ್ಟ ಆದವರಿಗೆ ಅಲ್ಲ. ನನಗೆ ಅದು ಶಿಕ್ಷೆ ತರಹವೇ ಕಾಣುತ್ತದೆ. ಖಾಸಗಿ ವ್ಯಕ್ತಿಯೊಬ್ಬರು ನಷ್ಟಪರಿಹಾರ ಕೇಳಿ ಗೆದ್ದರೆ ಮಾತ್ರ ನ್ಯೂಯಾರ್ಕ್‌ನ ನೆಲೆ ಇಷ್ಟು ಗಟ್ಟಿ ಇರುವುದಿಲ್ಲ. ನಿಷೇಧದ ಪರ ವಕೀಲರು ಈಗ ಅಂಥ ಕೇಸುಗಳನ್ನೇ ಹುಡುಕುತ್ತಿರುವುದು ಸುಮ್ನೆ ಅಲ್ಲ.

ಆರೋಪಿಯನ್ನು ಒಪ್ಪಿಸುವುದು? ಅದೂ ಸಂವಿಧಾನದಲ್ಲೇ ಇದೆಯಲ್ಲ?

ಇದೆ. 1987ರಲ್ಲಿ ಸುಪ್ರೀಂ ಕೋರ್ಟ್ ಗವರ್ನರ್‌ಗಳು ಇದನ್ನು ಇಷ್ಟ ಬಂದ ಹಾಗೆ ತಳ್ಳಿಹಾಕುವಂತಿಲ್ಲ ಅಂತಲೂ ಹೇಳಿದೆ. ಆದರೆ ಸಂವಿಧಾನದ ಮಾತು ಇರುವುದು ಅಪರಾಧ ಮಾಡಿ ಓಡಿಹೋದವರ ಬಗ್ಗೆ. ಲೂಯಿಸಿಯಾನಾಗೆ ಕಾಲೇ ಇಡದವರು ಅಲ್ಲಿಂದ ಓಡಿಹೋಗುವುದು ಹೇಗೆ? ಶೀಲ್ಡ್ ಕಾನೂನುಗಳು ನಿಂತಿರುವುದು ಇದೇ ಸಂದಿಯ ಮೇಲೆ.

ಆದರೂ ಡಾಕ್ಟರಿಗೆ ನಿಜವಾದ ತೊಂದರೆ ಇದೆ. ಅವರು ತಮ್ಮ ರಾಜ್ಯ ಬಿಟ್ಟು ಮದುವೆಗೋ ಕಾನ್ಫರೆನ್ಸಿಗೋ ಬೇರೆ ರಾಜ್ಯಕ್ಕೆ ಹೋದರೆ, ಆ ರಾಜ್ಯ ಲೂಯಿಸಿಯಾನಾ ಪರ ಇದ್ದರೆ, ಅಲ್ಲಿ ಹಿಡಿಯಬಹುದು. ದೇಶದ ಅರ್ಧ ಭಾಗ ಅವರಿಗೆ ಮುಚ್ಚಿದ ಹಾಗೆ. ಒಂದು ದಿನವೂ ಜೈಲಿಗೆ ಹೋಗದೆ ಅನುಭವಿಸುವ ಶಿಕ್ಷೆ ಇದು.

ಟೆಕ್ಸಾಸ್‌ನ ಹೊಸ ಎಚ್‌ಬಿ 7 ಕಾನೂನು ಏನು ಮಾಡುತ್ತದೆ?

ಪೊಲೀಸರ ಕೆಲಸವನ್ನು ಜನರ ಕೈಗೆ ಕೊಡುತ್ತದೆ. ಇದು 2025ರ ಡಿಸೆಂಬರ್ 4ರಿಂದ ಜಾರಿಯಲ್ಲಿದೆ. ಟೆಕ್ಸಾಸ್‌ಗೆ ಗರ್ಭಪಾತದ ಮಾತ್ರೆ ತಯಾರಿಸಿ ಕಳಿಸಿದವರು, ಬರೆದುಕೊಟ್ಟವರು, ಅಂಚೆಗೆ ಹಾಕಿದವರು, ತಂದುಕೊಟ್ಟವರು ಇವರ ಮೇಲೆ ಸಾಮಾನ್ಯ ಜನರೇ ದಾವೆ ಹಾಕಬಹುದು. ಗೆದ್ದರೆ ಕನಿಷ್ಠ ಒಂದು ಲಕ್ಷ ಡಾಲರ್. ಗರ್ಭಿಣಿ, ಆ ಗರ್ಭದ ತಂದೆ, ಹತ್ತಿರದ ಸಂಬಂಧಿಕರು ಹಾಕಿದ ಕೇಸಾದರೆ ಹಣ ಪೂರ್ತಿ ಅವರಿಗೆ. ಸಂಬಂಧವೇ ಇಲ್ಲದ ಯಾರೋ ಹಾಕಿದರೆ ಹತ್ತನೇ ಒಂದು ಭಾಗ ಅವರಿಗೆ, ಉಳಿದದ್ದು ದತ್ತಿ ಸಂಸ್ಥೆಗೆ. ಮಾತ್ರೆ ತೆಗೆದುಕೊಂಡ ಹೆಂಗಸಿನ ಮೇಲೆ ಕೇಸು ಹಾಕುವಂತಿಲ್ಲ.

ಈ ಉಪಾಯ ಹೊಸದಲ್ಲ. 2021ರ ಎಸ್‌ಬಿ 8 ಕಾನೂನಿನಲ್ಲಿ ಟೆಕ್ಸಾಸ್ ಇದನ್ನು ಮೊದಲು ಪ್ರಯೋಗಿಸಿತು. ಆಗ ಮೊತ್ತ ಹತ್ತು ಸಾವಿರ ಡಾಲರ್. ಸರ್ಕಾರದ ಅಧಿಕಾರಿ ಯಾರೂ ಜಾರಿ ಮಾಡದಿದ್ದರೆ ಯಾರ ವಿರುದ್ಧ ತಡೆಯಾಜ್ಞೆ ಕೇಳುವುದು? ಈ ಪ್ರಶ್ನೆಗೆ ಕೋರ್ಟುಗಳಲ್ಲಿ ಸರಿಯಾದ ಉತ್ತರ ಸಿಗಲಿಲ್ಲ. ಎಸ್‌ಬಿ 8 ಜಾರಿಯಾದ ಕೂಡಲೇ ಕ್ಲಿನಿಕ್‌ಗಳು ಆರು ವಾರದ ನಂತರದ ಗರ್ಭಪಾತ ನಿಲ್ಲಿಸಿದವು. ಕೇಸು ಬೀಳಬೇಕಿರಲಿಲ್ಲ, ಭಯವೇ ಸಾಕಾಯಿತು. ಈಗ ಅದೇ ಭಯವನ್ನು ಔಷಧಿ ಕಂಪನಿಗಳ ಮೇಲೆ, ಬೇರೆ ರಾಜ್ಯದ ಡಾಕ್ಟರುಗಳ ಮೇಲೆ ಹಾಕುವ ಲೆಕ್ಕಾಚಾರ.

ಲೂಯಿಸಿಯಾನಾ ಈ ಮಾತ್ರೆಗಳನ್ನು ಅಪಾಯಕಾರಿ ಔಷಧಿ ಪಟ್ಟಿಗೆ ಸೇರಿಸಿದೆಯಂತೆ, ನಿಜವೇ?

ನಿಜ. 2024ರ ಅಕ್ಟೋಬರ್ 1ರಿಂದ ಎರಡೂ ಔಷಧಿ ಅಲ್ಲಿ ನಿಯಂತ್ರಿತ ಪದಾರ್ಥ, ಅಂದರೆ ಕೆಲವು ನಿದ್ದೆ ಮಾತ್ರೆಗಳ ಸಾಲಿನಲ್ಲಿ. ಚೀಟಿ ಇಲ್ಲದೆ ಇಟ್ಟುಕೊಂಡರೆ ಐದು ವರ್ಷದವರೆಗೆ ಜೈಲು. ತನ್ನ ಬಳಕೆಗೆ ಇಟ್ಟುಕೊಂಡ ಗರ್ಭಿಣಿಗೆ ವಿನಾಯಿತಿ ಇದೆ.

ಮಿಸೊಪ್ರೊಸ್ಟಾಲ್ ನೆನಪಿದೆ ತಾನೆ? ಹೆರಿಗೆಯಾಗಿ ರಕ್ತ ಹರಿಯುತ್ತಿರುವಾಗ ಬೇಕಾದ ಔಷಧಿ. ಅದು ಈಗ ಬೀಗದ ಕಪಾಟಿಗೆ ಹೋಯಿತು. ಡಾಕ್ಟರುಗಳು ಆಗಲೇ ಬೊಬ್ಬೆ ಹೊಡೆದಿದ್ದರು. ಅಂಚೆ ಕವರ್ ತಡೆಯಲು ಹೋಗಿ ಹೆರಿಗೆ ವಾರ್ಡಿಗೆ ಬೀಗ ಹಾಕಿದ್ದು ನನ್ನ ಪ್ರಕಾರ ಈ ಇಡೀ ಕತೆಯಲ್ಲಿ ಎಲ್ಲಕ್ಕಿಂತ ಕೆಟ್ಟ ಕಾನೂನು. ನಿಷೇಧದ ಪರ ಇರುವವರೂ ಇದನ್ನು ಸಮರ್ಥಿಸಲು ಕಷ್ಟಪಡಬೇಕು.

ಹಾಗಾದರೆ ನಿಜವಾಗಿ ಸಿಕ್ಕಿಬೀಳುವವರು ಯಾರು?

ಹತ್ತಿರದವರು. ಮಾಹಿತಿ ಕೊಡುವವರೂ ಹತ್ತಿರದವರೇ.

ಟೆಕ್ಸಾಸ್ ಹಾಕಿದ ದಾವೆಯನ್ನೇ ಓದಿ. ಆ ಯುವತಿ ರಕ್ತಸ್ರಾವ ಆಗಿ ಆಸ್ಪತ್ರೆಗೆ ಹೋದಳು. ಅವಳು ಬಸುರಿ ಆಗಿದ್ದಳು ಅಂತ ಅವಳ ಗೆಳೆಯನಿಗೆ ತಿಳಿದದ್ದು ಆಗಲೇ. ಅವನು ಮನೆಗೆ ವಾಪಸ್ ಹೋಗಿ ಹುಡುಕಿದ, ಮಾತ್ರೆ ಸಿಕ್ಕಿತು. ಕೇಸಿನ ಬೇರು ಅಲ್ಲಿದೆ. ಲೂಯಿಸಿಯಾನಾ ಕೇಸಿನಲ್ಲಿ ಡಾಕ್ಟರ ಜೊತೆ ಆರೋಪ ಹೊತ್ತವರು ಮಾತ್ರೆ ತೆಗೆದುಕೊಂಡ ಹುಡುಗಿಯ ತಾಯಿ. ಡಾಕ್ಟರ್ ನ್ಯೂಯಾರ್ಕ್‌ನಲ್ಲಿ ಸುರಕ್ಷಿತ. ತಾಯಿಗೆ ಯಾವ ಶೀಲ್ಡೂ ಇಲ್ಲ, ಅವರು ಇರುವುದು ಲೂಯಿಸಿಯಾನಾದಲ್ಲೇ.

ನೆಬ್ರಾಸ್ಕಾದಲ್ಲಿ 2022ರಲ್ಲಿ ಹೊರಬಂದ ಕೇಸು ಇನ್ನೂ ಕಹಿ. ಅಲ್ಲಿ ಆಗ 20 ವಾರದವರೆಗೆ ಅವಕಾಶ ಇತ್ತು. ಅದು ದಾಟಿದ ಮೇಲೆ ತಾಯಿ ಮಗಳಿಗೆ ಮಾತ್ರೆ ತರಿಸಿಕೊಟ್ಟಳು. ಪೊಲೀಸರು ವಾರಂಟ್ ತೋರಿಸಿ ಫೇಸ್‌ಬುಕ್‌ನಿಂದ ಇಬ್ಬರ ಮೆಸೇಜ್ ಪಡೆದರು. ತಾಯಿ ಮಗಳು ಮಾತ್ರೆ ಬಗ್ಗೆ ಆಡಿದ ಮಾತೇ ಸಾಕ್ಷಿ ಆಯಿತು. 2023ರಲ್ಲಿ ಮಗಳಿಗೆ 90 ದಿನ, ತಾಯಿಗೆ ಎರಡು ವರ್ಷ ಜೈಲು ಶಿಕ್ಷೆ ಆಯಿತು.

ಕಾನೂನಿನ ಪುಸ್ತಕದಲ್ಲಿ ಗುರಿ ದೂರದ ಡಾಕ್ಟರ್. ನೆಲದ ಮೇಲೆ ಕೈಗೆ ಸಿಗುವುದು ತಾಯಿ, ಗೆಳತಿ, ಅಕ್ಕ. ನಿಷೇಧ ಎಷ್ಟು ಜಾರಿ ಆಗುತ್ತದೆ ಅನ್ನುವುದು ಪೊಲೀಸರ ಶಕ್ತಿಗಿಂತ ಮನೆಯೊಳಗಿನ ಜಗಳವನ್ನು ಜಾಸ್ತಿ ನೆಚ್ಚಿಕೊಂಡಿದೆ. ಒಂದು ಕಾನೂನು ಹೀಗೆ ನಿಂತಿದ್ದರೆ ಅದು ಎಂಥ ಕಾನೂನು ಅಂತ ಕೇಳುವ ಹಕ್ಕು ನಮಗಿದೆ.

ಮಾತ್ರೆ ತೆಗೆದುಕೊಂಡ ಹೆಂಗಸಿಗೆ ಶಿಕ್ಷೆ ಆಗುತ್ತದಾ?

ಬಹುತೇಕ ನಿಷೇಧ ಕಾನೂನುಗಳು ಅವಳನ್ನು ಬಿಟ್ಟಿವೆ. ಕಾನೂನು ಬಿಟ್ಟರೂ ಪೊಲೀಸರು ಬಿಡುತ್ತಾರೆ ಅಂತಿಲ್ಲ. 2022ರ ಏಪ್ರಿಲ್‌ನಲ್ಲಿ, ಡಾಬ್ಸ್ ತೀರ್ಪಿಗಿಂತ ಮೊದಲೇ, ಟೆಕ್ಸಾಸ್‌ನ ಸ್ಟಾರ್ ಕೌಂಟಿಯಲ್ಲಿ ಒಬ್ಬ ಹೆಂಗಸನ್ನು ಕೊಲೆ ಆರೋಪದ ಮೇಲೆ ಹಿಡಿದರು. ಟೆಕ್ಸಾಸ್ ಕಾನೂನಿನಲ್ಲಿ ಅಂಥ ಅಪರಾಧವೇ ಇರಲಿಲ್ಲ. ಕೆಲವು ದಿನದಲ್ಲಿ ಕೇಸು ಕೈಬಿಟ್ಟರು. ಅಷ್ಟರಲ್ಲಿ ಹೆಸರು, ಫೋಟೋ ದೇಶವೆಲ್ಲ ಸುತ್ತಿತ್ತು.

ಮಾತ್ರೆ ತೆಗೆದುಕೊಂಡು ತೊಂದರೆ ಆದರೆ ಆಸ್ಪತ್ರೆಗೆ ಹೋಗಬಹುದಾ?

ಹೋಗಲೇಬೇಕು. ಇದರಲ್ಲಿ ಎರಡು ಮಾತಿಲ್ಲ. ರಕ್ತ ತುಂಬಾ ಹೋಗುತ್ತಿದ್ದರೆ, ಜ್ವರ ಇಳಿಯದಿದ್ದರೆ, ಒಂದು ಪಕ್ಕ ಜೋರು ನೋವಿದ್ದರೆ ತಡ ಮಾಡಬಾರದು. ಗರ್ಭ ನಾಳದಲ್ಲಿ ನಿಂತಿದ್ದರೆ ಈ ಮಾತ್ರೆ ಕೆಲಸ ಮಾಡುವುದೇ ಇಲ್ಲ, ಅದು ಜೀವಕ್ಕೆ ಅಪಾಯ. ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ತುರ್ತು ಘಟಕಕ್ಕೆ ಬಂದವರನ್ನು ನೋಡದೆ ಕಳಿಸುವಂತಿಲ್ಲ. ನುಂಗಿದ ಮಾತ್ರೆಯಿಂದ ಆದ ಗರ್ಭಪಾತಕ್ಕೂ ತಾನಾಗಿ ಆದದ್ದಕ್ಕೂ ಡಾಕ್ಟರ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಚಿಕಿತ್ಸೆಯೂ ಒಂದೇ.

ಇದೇ ಕಾರಣಕ್ಕೆ ಇನ್ನೊಂದು ಸಂಕಟ ಇದೆ. ತಾನಾಗಿ ಗರ್ಭ ಹೋದವರನ್ನೂ ಅನುಮಾನದಿಂದ ನೋಡುವ ಪರಿಸ್ಥಿತಿ ಬಂದಿದೆ. ಮಗು ಬೇಕು ಅಂತ ಕಾದು ಕಳೆದುಕೊಂಡವರೂ ಅದರಲ್ಲಿ ಇರುತ್ತಾರೆ.

ಹೆಂಗಸಿಗೆ ಗೊತ್ತಿಲ್ಲದೆ ಗಂಡಸರು ಈ ಮಾತ್ರೆ ಕೊಟ್ಟುಬಿಟ್ಟರೆ? ಅಂಚೆಯಲ್ಲಿ ಸಿಗುವುದು ಅಪಾಯ ಅಲ್ಲವೇ?

ನಿಷೇಧದ ಪರ ಇರುವವರು ಎತ್ತುವ ಗಟ್ಟಿ ಪ್ರಶ್ನೆ ಇದು. ಪಕ್ಕಕ್ಕೆ ತಳ್ಳುವಂಥದ್ದಲ್ಲ. ಹೂಸ್ಟನ್‌ನಲ್ಲಿ ಒಬ್ಬ ವಕೀಲ ಹೆಂಡತಿ ಕುಡಿಯುವ ಪಾನೀಯದಲ್ಲಿ ಮಾತ್ರೆ ಬೆರೆಸಿದ. 2024ರಲ್ಲಿ ತಪ್ಪೊಪ್ಪಿಕೊಂಡ, 180 ದಿನ ಜೈಲು ಶಿಕ್ಷೆ ಆಯಿತು. ಆನ್‌ಲೈನ್‌ನಲ್ಲಿ ಕೇಳಿದ್ದು ನಿಜವಾಗಿ ಅವಳೇನಾ, ಪಕ್ಕದಲ್ಲಿ ಯಾರಾದರೂ ಒತ್ತಾಯ ಮಾಡುತ್ತಿದ್ದಾರಾ ಅಂತ ಸ್ಕ್ರೀನ್ ಮೂಲಕ ತಿಳಿಯುವುದು ಕಷ್ಟ. ಇದು ನಿಜ.

ಆದರೆ ಹೂಸ್ಟನ್ ಗಂಡಸಿಗೆ ಶಿಕ್ಷೆ ಆದದ್ದು ಮಗು ಮತ್ತು ಗರ್ಭಿಣಿಯ ಮೇಲೆ ಹಲ್ಲೆ ಮಾಡಿದ ಆರೋಪದಲ್ಲಿ. ಅದಕ್ಕೆ ಮೊದಲಿಂದ ಕಾನೂನು ಇದೆ, ಗರ್ಭಪಾತ ಕಾನೂನುಬದ್ಧ ಇರುವ ರಾಜ್ಯಗಳಲ್ಲೂ ಇದು ಅಪರಾಧವೇ. ಒತ್ತಾಯ ಮಾಡಿ ಬಸುರಿ ಮಾಡಿಸುವ, ಗರ್ಭ ಉಳಿಸಿಕೊಳ್ಳಲು ಒತ್ತಾಯಿಸುವ ಗಂಡಸರೂ ಇದ್ದಾರೆ. ಅವರ ಕೈಗೂ ಎಚ್‌ಬಿ 7 ಒಂದು ಲಕ್ಷ ಡಾಲರಿನ ಆಯುಧ ಕೊಡಬಹುದಿತ್ತು. ಅದನ್ನು ಗಮನಿಸಿಯೇ ಅತ್ಯಾಚಾರ, ಕೌಟುಂಬಿಕ ಹಿಂಸೆ ಮಾಡಿದವರಿಗೆ ದಾವೆ ಹಾಕುವ ಹಕ್ಕನ್ನು ಆ ಕಾನೂನು ತಡೆದಿದೆ. ಸಾಬೀತು ಮಾಡುವ ಹೊರೆ ಯಾರ ಮೇಲೆ ಬೀಳುತ್ತದೆ ಅಂತ ಹೇಳಬೇಕಿಲ್ಲ.

ಕಾಮ್‌ಸ್ಟಾಕ್ ಕಾನೂನು ಅಂತ ಪತ್ರಿಕೆಯಲ್ಲಿ ಬರುತ್ತದಲ್ಲ, ಏನದು?

1873ರ ಕಾನೂನು. ಆಂಟನಿ ಕಾಮ್‌ಸ್ಟಾಕ್ ಅನ್ನುವ ನೀತಿ ಕಾವಲುಗಾರನ ಹೆಸರಿನದು. ಅಶ್ಲೀಲ ಪುಸ್ತಕ, ಗರ್ಭನಿರೋಧಕ, ಗರ್ಭಪಾತದ ವಸ್ತು ಯಾವುದನ್ನೂ ಅಂಚೆಯಲ್ಲಿ ಕಳಿಸಬಾರದು ಅಂತ ಹೇಳುತ್ತದೆ. ಗರ್ಭನಿರೋಧಕದ ಮಾತನ್ನು 1971ರಲ್ಲಿ ತೆಗೆದರು. ಗರ್ಭಪಾತದ ಮಾತು ಪುಸ್ತಕದಲ್ಲಿ ಹಾಗೇ ಉಳಿದಿದೆ, ದೂಳು ಹಿಡಿದು.

2022ರ ಡಿಸೆಂಬರ್‌ನಲ್ಲಿ ಬೈಡನ್ ಸರ್ಕಾರದ ನ್ಯಾಯ ಇಲಾಖೆ ಒಂದು ಅಭಿಪ್ರಾಯ ಕೊಟ್ಟಿತು: ಕಾನೂನುಬಾಹಿರ ಬಳಕೆಗೆ ಅಂತ ಉದ್ದೇಶ ಇಟ್ಟುಕೊಂಡು ಕಳಿಸಿದರೆ ಮಾತ್ರ ಇದು ಅನ್ವಯ. ಆದರೆ ಅಭಿಪ್ರಾಯ ಕಾನೂನು ಅಲ್ಲ. ಯಾವ ಸರ್ಕಾರ ಬೇಕಾದರೂ ಅದನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು. ಹಾಗೆ ಹಿಂದಕ್ಕೆ ತೆಗೆದುಕೊಂಡು ಈ ಕಾನೂನನ್ನು ಜಾರಿ ಮಾಡಿದರೆ ನ್ಯೂಯಾರ್ಕ್‌ನ ಶೀಲ್ಡ್ ಯಾವ ಉಪಯೋಗಕ್ಕೂ ಬರುವುದಿಲ್ಲ, ಯಾಕೆಂದರೆ ಫೆಡರಲ್ ಪೊಲೀಸರಿಗೆ ರಾಜ್ಯದ ಗಡಿ ಅಡ್ಡಿ ಅಲ್ಲ. ರಾಜ್ಯಗಳ ಜಗಳಕ್ಕಿಂತ ಇದು ದೊಡ್ಡ ಕತ್ತಿ.

ಸುಪ್ರೀಂ ಕೋರ್ಟ್ ಮಾತ್ರೆಯನ್ನು ಒಪ್ಪಿದೆ ಅಂತ ಓದಿದ್ದೆ?

ಪೂರ್ತಿ ಸರಿ ಅಲ್ಲ. 2023ರ ಏಪ್ರಿಲ್‌ನಲ್ಲಿ ಟೆಕ್ಸಾಸ್‌ನ ಅಮರಿಲ್ಲೊದ ಫೆಡರಲ್ ಜಡ್ಜ್ ಮ್ಯಾಥ್ಯೂ ಕ್ಯಾಸ್ಮರಿಕ್ ಮಿಫೆಪ್ರಿಸ್ಟೋನ್ ಒಪ್ಪಿಗೆಯನ್ನೇ ತಡೆಹಿಡಿದರು. 2024ರ ಜೂನ್ 13ರಂದು ಸುಪ್ರೀಂ ಕೋರ್ಟ್ ಒಂದೇ ದನಿಯಲ್ಲಿ ಆ ಕೇಸನ್ನು ಹೊರಗೆ ಹಾಕಿತು. ಕಾರಣ ಇಷ್ಟೇ: ಕೇಸು ಹಾಕಿದ ಡಾಕ್ಟರುಗಳು ಈ ಔಷಧಿ ಬರೆಯುವವರೇ ಅಲ್ಲ, ಅವರಿಗೆ ಏನೂ ನಷ್ಟ ಆಗಿಲ್ಲ, ಕೇಸು ಹಾಕುವ ಹಕ್ಕಿಲ್ಲ. ಮಾತ್ರೆ ಸರಿಯೋ ತಪ್ಪೋ ಅನ್ನುವ ಪ್ರಶ್ನೆಯನ್ನು ಕೋರ್ಟ್ ಮುಟ್ಟಲಿಲ್ಲ. ಆಮೇಲೆ ಮಿಸೌರಿ, ಕ್ಯಾನ್ಸಸ್, ಐಡಾಹೊ ರಾಜ್ಯಗಳು ಅದೇ ಕೇಸನ್ನು ಕೈಗೆತ್ತಿಕೊಂಡವು. 2025ರಲ್ಲಿ ಲೂಯಿಸಿಯಾನಾ ಬೇರೆಯೇ ಕೇಸು ಹಾಕಿತು. ಎದುರಿಗೆ ನೋಡಿಯೇ ಮಾತ್ರೆ ಕೊಡಬೇಕು ಅನ್ನುವ ಹಳೆ ನಿಯಮ ವಾಪಸ್ ಬರಲಿ ಅನ್ನುವುದು ಅದರ ಬೇಡಿಕೆ. ಅದು ಗೆದ್ದರೆ ನ್ಯೂಯಾರ್ಕ್‌ನಲ್ಲೂ ಅಂಚೆ ದಾರಿ ಮುಚ್ಚುತ್ತದೆ.

ಭಾರತಕ್ಕೂ ಇದಕ್ಕೂ ಏನಾದರೂ ನಂಟು ಇದೆಯಾ?

ಇದೆ, ನೇರವಾಗಿಯೇ. ಡಚ್ ಡಾಕ್ಟರ್ ರೆಬೆಕ್ಕಾ ಗೊಂಪರ್ಟ್ಸ್ 2018ರಲ್ಲಿ ಏಡ್ ಆಕ್ಸೆಸ್ ಅನ್ನುವ ಸೇವೆ ಶುರು ಮಾಡಿದರು. ಅವರು ಯೂರೋಪಿನಿಂದ ಚೀಟಿ ಬರೆಯುತ್ತಿದ್ದರು, ಮಾತ್ರೆ ಭಾರತದಿಂದ ಅಮೆರಿಕಕ್ಕೆ ಅಂಚೆಯಲ್ಲಿ ಹೋಗುತ್ತಿತ್ತು. 2019ರಲ್ಲಿ ಎಫ್‌ಡಿಎ ಎಚ್ಚರಿಕೆ ಪತ್ರ ಕಳಿಸಿತು, ಆದರೂ ನಿಲ್ಲಲಿಲ್ಲ. 2023ರಲ್ಲಿ ಶೀಲ್ಡ್ ಕಾನೂನು ಬಂದಮೇಲೆ ಅಮೆರಿಕದ ಡಾಕ್ಟರುಗಳೇ ಅಲ್ಲಿಂದ ಕಳಿಸತೊಡಗಿದರು. ವಾರಗಟ್ಟಲೆ ಕಾಯಬೇಕಿದ್ದದ್ದು ಕೆಲವೇ ದಿನಕ್ಕೆ ಇಳಿಯಿತು.

ನಮ್ಮಲ್ಲಿ ಗರ್ಭಪಾತಕ್ಕೆ 1971ರಿಂದ ಕಾನೂನು ಇದೆ. ಕೆಲವು ಸಂದರ್ಭದಲ್ಲಿ 24 ವಾರದವರೆಗೆ ಅಂತ 2021ರಲ್ಲಿ ತಿದ್ದಿದರು. ಮಾತ್ರೆಗೆ ಡಾಕ್ಟರ ಚೀಟಿ ಬೇಕು. ಡಲ್ಲಾಸ್, ಹೂಸ್ಟನ್, ಆಸ್ಟಿನ್‌ನಲ್ಲಿ ಇರುವ ಕನ್ನಡದವರಿಗೆ ಒಂದು ಮಾತು ಹೇಳಬೇಕು. ಊರಿನಲ್ಲಿ ಮೆಡಿಕಲ್ ಶಾಪಿನಲ್ಲಿ ಸಿಗುವ ಕಿಟ್ ಅಲ್ವಾ, ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬಂದು ಗೆಳತಿಗೆ ಕೊಟ್ಟರಾಯಿತು ಅಂತ ಅಂದುಕೊಳ್ಳಬೇಡಿ. ತಂದುಕೊಟ್ಟವರು ಎಚ್‌ಬಿ 7ರ ಬಲೆಗೆ ಬೀಳುತ್ತಾರೆ. ವೀಸಾ ಮೇಲೆ ಇರುವವರಿಗೆ ಕೋರ್ಟು ಕೇಸು ಎಂದರೆ ಬರೀ ದಂಡದ ವಿಷಯ ಅಲ್ಲ. ಮೊದಲು ವಕೀಲರನ್ನು ಕೇಳಿ.

ಬೇರೆ ದೇಶದಲ್ಲಿ ಇಂಥದ್ದು ಆಗಿದೆಯಾ?

ಐರ್ಲೆಂಡ್‌ನಲ್ಲಿ ಆಗಿದೆ. ನಮ್ಮ ಬೆಳಗಾವಿಯ ಸವಿತಾ ಹಾಲಪ್ಪನವರ್ ಅವರನ್ನು ಮರೆಯಲು ಆಗುವುದಿಲ್ಲ. ದಂತವೈದ್ಯೆ, 31 ವರ್ಷ. 17 ವಾರದ ಗರ್ಭ ಉಳಿಯುವುದಿಲ್ಲ ಅಂತ ಗೊತ್ತಾಗಿತ್ತು. ಗರ್ಭಪಾತ ಮಾಡಿ ಅಂತ ಕೇಳಿದರು. ಭ್ರೂಣದ ಎದೆಬಡಿತ ಇನ್ನೂ ಇದೆ ಅಂತ ಮಾಡಲಿಲ್ಲ. ರಕ್ತಕ್ಕೆ ಸೋಂಕು ಏರಿ 2012ರ ಅಕ್ಟೋಬರ್ 28ರಂದು ಗಾಲ್ವೇಯಲ್ಲಿ ತೀರಿಕೊಂಡರು. ಬೀದಿಗಿಳಿದ ಜನ ಅವರ ಫೋಟೋ ಹಿಡಿದಿದ್ದರು. 2018ರ ಮೇ 25ರ ಜನಮತದಲ್ಲಿ 66 ಶೇಕಡಾಕ್ಕೂ ಹೆಚ್ಚು ಜನ ನಿಷೇಧ ತೆಗೆಯಲು ಓಟು ಹಾಕಿದರು.

ಅದಕ್ಕೂ ಮುಂಚಿನ ವರ್ಷಗಳಲ್ಲಿ ಐರ್ಲೆಂಡ್‌ನ ಹೆಂಗಸರು ಅಂಚೆಯಲ್ಲೇ ಮಾತ್ರೆ ತರಿಸುತ್ತಿದ್ದರು. ಕಸ್ಟಮ್ಸ್‌ನವರು ಹಿಡಿದು ಇಟ್ಟುಕೊಳ್ಳುತ್ತಿದ್ದರು. ಅಲ್ಲಿ ಅದು ಸಾಧ್ಯವಾಯಿತು, ಯಾಕೆಂದರೆ ಕವರ್ ದೇಶದ ಗಡಿ ದಾಟಬೇಕಿತ್ತು. ನ್ಯೂಯಾರ್ಕ್‌ನಿಂದ ಟೆಕ್ಸಾಸ್‌ಗೆ ಹೋಗುವ ಕವರ್‌ಗೆ ಅಂಥ ಗಡಿಯೇ ಇಲ್ಲ. ಉತ್ತರ ಐರ್ಲೆಂಡ್‌ನಲ್ಲಿ 2016ರಲ್ಲಿ 21 ವರ್ಷದ ಯುವತಿಗೆ ಮಾತ್ರೆ ತೆಗೆದುಕೊಂಡದ್ದಕ್ಕೆ ಮೂರು ತಿಂಗಳ ಅಮಾನತು ಶಿಕ್ಷೆ ಆಯಿತು. ಪೊಲೀಸರಿಗೆ ಹೇಳಿದ್ದು ಅವಳ ಜೊತೆ ಮನೆ ಹಂಚಿಕೊಂಡಿದ್ದವರು.

ಮುಂದೆ ಯಾವುದರ ಮೇಲೆ ಕಣ್ಣಿಡಬೇಕು?

ಮೂರು ಕಡೆ. ಅಲ್‌ಸ್ಟರ್ ಕೌಂಟಿ ತರಹದ ವಸೂಲಿ ಜಗಳ ಸುಪ್ರೀಂ ಕೋರ್ಟಿಗೆ ಹೋಗುತ್ತದಾ ಅನ್ನುವುದು ಒಂದು. ಎಫ್‌ಡಿಎ ತನ್ನ ನಿಯಮವನ್ನು ತಾನೇ ಬದಲಿಸುತ್ತದಾ ಅನ್ನುವುದು ಎರಡು. ಮಿಫೆಪ್ರಿಸ್ಟೋನ್ ಅನ್ನು ಮತ್ತೆ ಪರಿಶೀಲಿಸುತ್ತೇವೆ ಅಂತ 2025ರಲ್ಲಿ ಹೇಳಿದ್ದಾರೆ. ಮೂರನೆಯದು ಅಮೆರಿಕದ ಸಂಸತ್ತು: ಶೀಲ್ಡ್ ಕಾನೂನುಗಳನ್ನು ರದ್ದು ಮಾಡಿ ಅಂತ 2025ರ ಜುಲೈನಲ್ಲಿ ರಿಪಬ್ಲಿಕನ್ ಅಟಾರ್ನಿ ಜನರಲ್‌ಗಳ ಗುಂಪೊಂದು ಪತ್ರ ಬರೆದಿದೆ. ನನ್ನನ್ನು ಕೇಳಿದರೆ ಎರಡನೆಯದನ್ನೇ ಮೊದಲು ನೋಡುತ್ತೇನೆ. ಮಿಕ್ಕ ಎರಡಕ್ಕೆ ವರ್ಷಗಳು ಬೇಕು, ಎಫ್‌ಡಿಎ ನಿಯಮ ಬದಲಿಸಲು ಸರ್ಕಾರದ ಮನಸ್ಸು ಸಾಕು.